ಮೂವತ್ತಡಿ ಏರು

ಕುರ್ಚಿ ಬೇಕೆಂದು ಬಂದವರನ್ನು ಬಡಗಿ ಮೊದಲು ಒಂದು ಮರದ ಪೆಟ್ಟಿಗೆಯ ಮೇಲೆ ಕೂರಿಸುತ್ತಿದ್ದ. ಮಂಡಿಯಿಂದ ನೆಲಕ್ಕೆ ಎಷ್ಟು, ಬೆನ್ನಿನಿಂದ ಮಂಡಿಗೆ ಎಷ್ಟು, ಮೊಣಕೈ ಎಲ್ಲಿಗೆ ಬರುತ್ತದೆ ಎಂದು ಟೇಪು ಹಿಡಿದು ಅಳೆದು, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಅಂಗಡಿಯ ಗೋಡೆಯ ಮೇಲೆ ಬರೆದುಕೊಳ್ಳುತ್ತಿದ್ದ. ರೆಡಿಮೇಡ್ ಕುರ್ಚಿಗಳೆಂದರೆ ಅವನಿಗೆ ಎಲ್ಲಿಲ್ಲದ ತಾತ್ಸಾರ. ಎಲ್ಲರಿಗೂ ಅಂತ ಮಾಡಿದ್ದು ಯಾರ ಬೆನ್ನಿಗೂ ಕೂರುವುದಿಲ್ಲ ಎನ್ನುತ್ತಿದ್ದ. ಸುತ್ತಮುತ್ತಲ ಅರ್ಧ ಜನರ ಮಂಡಿಯ ಎತ್ತರ ಅವನ ಗೋಡೆಯ ಮೇಲಿತ್ತು. ಇಂಥ ಮನುಷ್ಯ ಒಂದೇ ಒಂದು ಸಲ ಅಳತೆ ತಪ್ಪಿದ. ತಪ್ಪಿದ್ದು ಹೊರಗಿನವರ ಕೆಲಸದಲ್ಲಲ್ಲ, ಹೆತ್ತ ಮಗಳ ಕೆಲಸದಲ್ಲಿ.

ಮಗಳಿಗೆ ಹದಿಮೂರು ವರ್ಷ. ಹುಟ್ಟಿದಾಗಿನಿಂದ ಅವಳ ಕಾಲುಗಳಲ್ಲಿ ಬಲವಿಲ್ಲ, ಗಾಲಿಕುರ್ಚಿಯಲ್ಲೇ ಓಡಾಟ. ನಾಲಿಗೆಗೆ ಮಾತ್ರ ಮೂರು ಜನಕ್ಕೆ ಹಂಚಿದರೂ ಮಿಗುವಷ್ಟು ಬಲವಿತ್ತು. ಅದಕ್ಕೇ ಮನೆಯಲ್ಲಿ ಅವಳನ್ನು ಗುಂಡುಸೂಜಿ ಎಂದು ಕರೆಯುತ್ತಿದ್ದರು. ಅಮ್ಮ ಬ್ರೆಡ್ ಸಾಗಿಸುವ ವ್ಯಾನ್ ಓಡಿಸುತ್ತಿದ್ದಳು, ಬೆಳಕು ಹರಿಯುವ ಹೊತ್ತಿಗೆ ಮನೆ ಬಿಡುತ್ತಿದ್ದಳು. ಹಾಗಾಗಿ ಮಗಳನ್ನು ಶಾಲೆಗೆ ಕರೆದೊಯ್ಯುವುದು, ಕರೆತರುವುದು ಅಪ್ಪನ ಪಾಲಿನ ಕೆಲಸ. ಕುರ್ಚಿಯ ಹಿಂದಿನ ಹಿಡಿಗಳನ್ನು ಹಿಡಿದು ಅವನು ಹೊರಟನೆಂದರೆ ಸೈಕಲ್ಲಿನವರು ದಾರಿ ಬಿಡಬೇಕು. ಅವಳು ನೀರು ಅನ್ನುವುದರೊಳಗೆ ನೀರು, ಪುಸ್ತಕ ಅನ್ನುವುದರೊಳಗೆ ಪುಸ್ತಕ. ಇಷ್ಟು ಚೆನ್ನಾಗಿ ನೋಡಿಕೊಳ್ಳುವ ಅಪ್ಪ ಯಾರಿಗಿದ್ದಾನೆ ಎಂದು ಅಕ್ಕಪಕ್ಕದವರು ಹೇಳುತ್ತಿದ್ದರು. ಅವನಿಗೂ ಒಳಗೊಳಗೆ ಹಾಗೇ ಅನ್ನಿಸುತ್ತಿತ್ತು, ಸುಳ್ಳೇಕೆ ಹೇಳಬೇಕು.

ಆ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕದ ಮೇಡಂ ತಾವೇ ಒಂದು ನಾಟಕ ಬರೆದರು. ಅವರು ಪಾಠ ಹೇಳುತ್ತಿದ್ದುದು ವಿಜ್ಞಾನ, ಪ್ರಾಣ ಬಿಡುತ್ತಿದ್ದುದು ನಾಟಕಕ್ಕೆ. ಕಥೆ ದೊಡ್ಡದೇನಲ್ಲ. ಒಬ್ಬ ಅಂಚೆಯವನಿಗೆ ಅಪಘಾತದಲ್ಲಿ ಒಂದು ಕೈ ಹೋಗುತ್ತದೆ. ಕೆಲಸಕ್ಕೆ ವಾಪಸು ಬಂದವನಿಗೆ ಮೇಲಧಿಕಾರಿ, ನಿನಗೆ ಕರುಣೆಯಿಂದ ಪಿಂಚಣಿ ಕೊಡುತ್ತೇವೆ, ಮನೆಯಲ್ಲಿರು ಎನ್ನುತ್ತಾನೆ. ಕರುಣೆ ಬೇಡ, ನನ್ನ ಚೀಲ ಕೊಡಿ ಎಂದು ಅಂಚೆಯವನು ಕೋರ್ಟಿಗೆ ಹೋಗುತ್ತಾನೆ. ಉಳಿದದ್ದೆಲ್ಲ ಕೋರ್ಟಿನಲ್ಲಿ ನಡೆಯುವ ವಾದ, ಕೊನೆಗೆ ತೀರ್ಪು.

ಮೇಡಂ ಮೊದಲು ಅಂಚೆಯವನ ಪಾತ್ರವನ್ನೇ ಗುಂಡುಸೂಜಿಗೆ ಕೊಡಲು ಹೊರಟಿದ್ದರು. ಕೈ ಬದಲು ಕಾಲು ಅಂತ ಮಾಡಿದರಾಯಿತು, ಕುರ್ಚಿ ಹೇಗೂ ಇದೆಯಲ್ಲ ಎನ್ನುವುದು ಅವರ ಲೆಕ್ಕಾಚಾರ. ಹುಡುಗಿ ನಾಟಕದ ಪ್ರತಿಯನ್ನು ಓದಿ ವಾಪಸು ಕೊಟ್ಟು, ತನಗೆ ನ್ಯಾಯಾಧೀಶರ ಪಾತ್ರ ಬೇಕು ಎಂದಳು. ಯಾಕೆ ಎಂದು ಕೇಳಿದ್ದಕ್ಕೆ, ಇಡೀ ದಿನ ಕುರ್ಚಿ ಬಿಟ್ಟೇಳದೆ ಕೂರುವ ಕೆಲಸ ಅದು, ಅಭ್ಯಾಸ ಇರುವವರಿಗೆ ಕೊಡುವುದು ಒಳ್ಳೆಯದಲ್ಲವೇ ಎಂದು ಕೇಳಿದಳು. ಮೇಡಂ ನಕ್ಕರು. ಆಮೇಲೆ ಎರಡು ದಿನ ನಗದೆ ಯೋಚಿಸಿದರು. ಮೂರನೆಯ ದಿನ ತರಗತಿಯ ಎದುರಿಗೇ, ಕುರ್ಚಿ ನೋಡಿ ಪಾತ್ರ ಕೊಟ್ಟಿದ್ದು ನನ್ನ ತಪ್ಪು ಎಂದು ಹೇಳಿ ನ್ಯಾಯಾಧೀಶರ ಮಾತುಗಳ ಹಾಳೆಯನ್ನು ಅವಳ ಕೈಗಿಟ್ಟರು. ಅಂಚೆಯವನ ಪಾತ್ರ ಇನ್ನೊಬ್ಬ ಹುಡುಗನಿಗೆ ಹೋಯಿತು. ಅವನು ಎಡಗೈಯನ್ನು ಅಂಗಿಯೊಳಗೆ ಅಡಗಿಸಿಕೊಂಡು ಒಂದೇ ಕೈಯಲ್ಲಿ ಊಟ, ಒಂದೇ ಕೈಯಲ್ಲಿ ಷೂ ಲೇಸು ಎಂದು ವಾರಗಟ್ಟಲೆ ಅಭ್ಯಾಸ ಮಾಡಿದ.

ತೊಡಕು ಇದ್ದದ್ದು ವೇದಿಕೆಯಲ್ಲಿ. ಶಾಲೆಯ ಸಭಾಂಗಣದ ವೇದಿಕೆ ನೆಲದಿಂದ ಎರಡೂವರೆ ಅಡಿ ಎತ್ತರ, ಹತ್ತಲು ಪಕ್ಕದಲ್ಲಿ ನಾಲ್ಕು ಮೆಟ್ಟಿಲು. ಹೆಡ್‌ಮಾಸ್ಟರಿಗೆ ಇದೊಂದು ತೊಡಕು ಎಂದೇ ಅನ್ನಿಸಲಿಲ್ಲ. ಕೆಟ್ಟ ಮನುಷ್ಯರಲ್ಲ ಅವರು. ಆದರೆ ಜಗತ್ತಿನ ಯಾವ ಕಷ್ಟಕ್ಕೂ ನಾಲ್ಕು ಜನ ಸೇರಿ ಎತ್ತಿದರಾಯಿತು ಎನ್ನುವ ಪೈಕಿ. ಪರದೆ ಸರಿಯುವ ಮುಂಚೆಯೇ ಕುರ್ಚಿ ಸಮೇತ ಎತ್ತಿ ಕೂರಿಸಿಬಿಡೋಣ, ಯಾರಿಗೂ ಗೊತ್ತೇ ಆಗುವುದಿಲ್ಲ ಎಂದರು. ಮಗಳನ್ನು ಮನೆಗೆ ಕರೆದೊಯ್ಯಲು ಬಂದಿದ್ದ ಬಡಗಿಯೂ ಅಲ್ಲೇ ಬಾಗಿಲ ಬಳಿ ನಿಂತಿದ್ದ. ಎತ್ತುವ ನಾಲ್ವರಲ್ಲಿ ತಾನೂ ಒಬ್ಬ ಎಂದು ಆಗಲೇ ಅಂಗಿಯ ತೋಳು ಮಡಚಿಕೊಳ್ಳುತ್ತಿದ್ದ.

"ಸಾರ್, ನ್ಯಾಯಾಧೀಶರನ್ನ ಯಾರಾದ್ರೂ ಎತ್ಕೊಂಡು ಬಂದು ಕೂರಿಸ್ತಾರಾ?" ಎಂದಳು ಮಗಳು. "ಅವರಾಗೇ ಬರ್ತಾರೆ, ಅವರು ಬಂದಾಗ ಉಳಿದೋರು ಏಳ್ತಾರೆ. ನಾನಾಗೇ ಬರೋ ಹಾಗಿದ್ರೆ ನಾಟಕದಲ್ಲಿ ಇರ್ತೀನಿ. ಎತ್ತೋದಾದ್ರೆ ಬೇರೆಯವರನ್ನ ನೋಡ್ಕೊಳ್ಳಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸಮಾಧಾನ ಮಾಡಬಹುದಿತ್ತು. ಮಗಳು ಈ ಪಾತ್ರವನ್ನು ಎಷ್ಟು ಹಚ್ಚಿಕೊಂಡಿದ್ದಾಳೆಂದು ಬಡಗಿಗೆ ಗೊತ್ತಿತ್ತು. ಅದನ್ನು ಬಿಟ್ಟುಕೊಟ್ಟಾಳೆ, ಆದರೆ ಆಡಿದ ಮಾತನ್ನು ಬಿಟ್ಟುಕೊಡುವವಳಲ್ಲ ಎನ್ನುವುದೂ ಗೊತ್ತಿತ್ತು. ಮಡಚಿದ ತೋಳನ್ನು ಬಿಚ್ಚಿಕೊಂಡು ಅವನು ಮುಂದೆ ಬಂದ. ಹಲಗೆಯ ಕೆಲಸ ತಾನೆ, ಗಾಲಿ ಹತ್ತುವ ಹಾಗೆ ಒಂದು ಇಳಿಜಾರು ಮಾಡಿಕೊಡುತ್ತೇನೆ, ನನಗೆ ಬಿಟ್ಟುಬಿಡಿ ಎಂದ.

ಒಂದು ವಾರ ಬೇರೆ ಕೆಲಸಗಳನ್ನೆಲ್ಲ ಪಕ್ಕಕ್ಕಿಟ್ಟ. ಎಂಟಡಿ ಉದ್ದ, ಮೂರೂವರೆ ಅಡಿ ಅಗಲ, ಕೆಳಗೆ ಅಡ್ಡಪಟ್ಟಿಗಳು, ಮೇಲೆ ದಪ್ಪ ಪ್ಲೈವುಡ್. ಗಾಲಿ ಜಾರದಿರಲೆಂದು ಮೇಲ್ಮೈಗೆ ಮರಳು ಬೆರೆಸಿದ ಬಣ್ಣ, ಪಕ್ಕಕ್ಕೆ ಬೀಳದಿರಲೆಂದು ಎರಡೂ ಅಂಚಿಗೆ ಪಟ್ಟಿ. ಒಂದು ಮೊಳೆಯ ತಲೆಯೂ ಮೇಲೆ ಕಾಣುತ್ತಿರಲಿಲ್ಲ. ಶಾಲೆಗೆ ಸಾಗಿಸಿ ವೇದಿಕೆಯ ಪಕ್ಕಕ್ಕೆ ಜೋಡಿಸಿ, ಮಗಳನ್ನು ಕರೆದು, ಹಿಂದಿನಿಂದ ಹಿಡಿದು ಒಂದೇ ಉಸಿರಿಗೆ ಮೇಲೇರಿಸಿದ. ಬೆಣ್ಣೆಯ ಹಾಗೆ ಹೋಗುತ್ತೆ ಸಾರ್ ಎಂದು ಬೀಗಿದ. ಹೆಡ್‌ಮಾಸ್ಟರು ಅದರ ಮೇಲೆ ಎರಡು ಸಲ ನಡೆದು ನೋಡಿ ಭೇಷ್ ಎಂದರು. ಆ ಸಂಜೆ ಬಡಗಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮರುದಿನ ರಿಹರ್ಸಲ್. ಅಂಗಡಿಗೆ ಬಾಗಿಲು ಹಾಕಿ ಅವನೂ ನೋಡಲು ಬಂದು ಹಿಂದೆ ನಿಂತ. ವೇದಿಕೆಯ ಮೇಲೆ ಕೋರ್ಟಿನ ಜವಾನನ ಪಾತ್ರದ ಹುಡುಗ ಗಂಟಲು ಸರಿಮಾಡಿಕೊಂಡ. ಅವನ ದನಿ ಮೈದಾನದಾಚೆಗೂ ಕೇಳುತ್ತಿದ್ದುದರಿಂದ ಎಲ್ಲರೂ ಅವನನ್ನು ಲೌಡ್‌ಸ್ಪೀಕರ್ ಎಂದೇ ಕರೆಯುತ್ತಿದ್ದರು. ನ್ಯಾಯಾಧೀಶರು ಬರುತ್ತಿದ್ದಾರೆ, ಎಲ್ಲರೂ ಎದ್ದು ನಿಲ್ಲಿ ಎಂದು ಅವನು ಕೂಗಿದ. ನ್ಯಾಯಾಧೀಶರು ಕೆಳಗಿನಿಂದ ಹೊರಟರು. ಎರಡಡಿ ಹತ್ತಿದರು. ಮೂರನೆಯ ಅಡಿಗೆ ಕುರ್ಚಿ ನಿಂತಿತು, ಮುಂದಿನ ಗಾಲಿಗಳು ಮೇಲೆದ್ದವು, ಮತ್ತೆ ಹಿಂದಕ್ಕೆ ಉರುಳಿ ನೆಲಕ್ಕೆ ಬಂದಿತು. ಅಪ್ಪ ಓಡಿಬಂದು ಹಿಡಿದುಕೊಂಡ. ಅವಳು ಬಿಡು ಎಂದಳು. ಎರಡನೆಯ ಸಲ ಹಲ್ಲು ಕಚ್ಚಿ ಹತ್ತಿದಳು, ನಾಲ್ಕಡಿಗೆ ನಿಂತಿತು. ಮೂರನೆಯ ಸಲ ಅಂಗೈಯ ಚರ್ಮ ಕಿತ್ತುಬಂತು.

ಅವಳು ಅಳಲಿಲ್ಲ. ಅಂಗೈಯನ್ನು ಸ್ಕರ್ಟಿಗೆ ಒರೆಸಿಕೊಂಡು, ಹಲಗೆಯನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿ ಹೇಳಿದಳು.

"ಅಪ್ಪ, ಇದನ್ನ ನೀನು ನನ್ನ ಕೈ ಅಳತೆಗೆ ಮಾಡಿಲ್ಲ. ನಿನ್ನ ಕೈ ಅಳತೆಗೆ ಮಾಡ್ಕೊಂಡಿದ್ದೀಯ."

ಬಡಗಿ ಹಲಗೆಯನ್ನೂ ಮಗಳ ಅಂಗೈಯನ್ನೂ ನೋಡಿದ. ಯಾರೋ ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಹಲಗೆಯ ಇಳಿಜಾರನ್ನು ನಿಗದಿ ಮಾಡುವಾಗ ಅವನ ಮನಸ್ಸಿನಲ್ಲಿದ್ದದ್ದು ಹಿಂದಿನಿಂದ ತಳ್ಳುವ ತಾನು. ತಳ್ಳುವವನಿಲ್ಲದ ಕುರ್ಚಿಯನ್ನು ಅವನು ಕಲ್ಪಿಸಿಕೊಂಡೇ ಇರಲಿಲ್ಲ. ಕಂಡವರ ಮಂಡಿ ಮೊಣಕೈಗಳನ್ನೆಲ್ಲ ಅಳೆದವನು, ಹದಿಮೂರು ವರ್ಷ ಕಣ್ಣೆದುರಿಗಿದ್ದ ಹುಡುಗಿಯ ತೋಳಿನಲ್ಲಿ ಎಷ್ಟು ಶಕ್ತಿಯಿದೆ ಎಂದು ಒಮ್ಮೆಯೂ ನೋಡಿರಲಿಲ್ಲ. ತೋರಿಸಲು ಅವನು ಅವಳಿಗೆ ಅವಕಾಶ ಕೊಟ್ಟಿದ್ದರೆ ತಾನೆ!

ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿಕೊಂಡ. ಅವಳು ಅಯ್ಯೋ ಪಾಪ ಅನ್ನಲಿಲ್ಲ. ಇಪ್ಪತ್ತು ವರ್ಷದಿಂದ ಲೋಡು ತುಂಬಿದ ವ್ಯಾನನ್ನು ಏರು ಹತ್ತಿಸಿದವಳು. ಅಷ್ಟು ಕಡಿದಾದ ಏರಿಗೆ ಲಾರಿಯವರೇ ಹೆದರುತ್ತಾರೆ, ಮಗಳ ಹತ್ತಿರ ಇರುವುದು ಒಂದೇ ಗೇರು, ಅದೂ ಎರಡು ತೋಳು ಎಂದಳು. ಏರು ಕಡಿಮೆ ಮಾಡಬೇಕಾದರೆ ದಾರಿ ಉದ್ದ ಮಾಡಬೇಕು, ಬೆಟ್ಟದ ರಸ್ತೆ ಸುತ್ತಿಕೊಂಡು ಹೋಗುವುದು ಡ್ರೈವರಿಗೆ ಕೆಲಸವಿಲ್ಲ ಅಂತಲ್ಲ ಎಂದೂ ಹೇಳಿದಳು. ಅದನ್ನು ಹೇಳುವಾಗ ಅವಳಿಗೆ ನಗು ತಡೆಯಲಾಗಲಿಲ್ಲ.

ಭಾನುವಾರ ಅಪ್ಪ ಮಗಳು ಇಬ್ಬರೂ ಅಂಗಡಿಯಲ್ಲಿ ಕೂತರು. ಹನ್ನೆರಡಡಿಯ ಹಲಗೆಯೊಂದನ್ನು ನೆಲಕ್ಕೆ ಹಾಕಿ, ಒಂದು ತುದಿಯ ಕೆಳಗೆ ಇಟ್ಟಿಗೆಗಳನ್ನು ಪೇರಿಸಿದ. ಮಗಳು ಹತ್ತಬೇಕು, ಅವನು ಕೈ ಕಟ್ಟಿಕೊಂಡು ನೋಡಬೇಕು. ಷರತ್ತು ಹಾಕಿದ್ದು ಅವಳೇ. ಇಟ್ಟಿಗೆ ಹೆಚ್ಚಾದಾಗ ಕುರ್ಚಿ ಅರ್ಧಕ್ಕೆ ನಿಲ್ಲುತ್ತಿತ್ತು. ಒಂದು ತೆಗೆದ, ಇನ್ನೊಂದು ತೆಗೆದ. ಕೊನೆಗೆ ತುದಿ ಮುಟ್ಟಿದಳು. ಅವನು ಸೀಮೆಸುಣ್ಣದಲ್ಲಿ ಗುರುತು ಹಾಕಲು ಬಗ್ಗಿದರೆ ಅವಳು ತಡೆದಳು. ಹತ್ತಿದರೆ ಸಾಲದು, ಹತ್ತಿದ ಮೇಲೆ ಮಾತಾಡಬೇಕು, ಏದುಸಿರು ಬಿಡುವ ನ್ಯಾಯಾಧೀಶರನ್ನು ಯಾರು ನಂಬುತ್ತಾರೆ ಎಂದಳು. ಅದೂ ಸರಿಯೇ. ಇನ್ನೊಂದು ಇಟ್ಟಿಗೆ ತೆಗೆದ. ಈ ಸಲ ತುದಿಗೆ ಹೋಗಿ ಒಮ್ಮೆ ಉಸಿರೆಳೆದುಕೊಂಡು, ತೀರ್ಪಿನ ಮಾತುಗಳನ್ನು ಮೊದಲಿಂದ ಕೊನೆಯವರೆಗೆ ಎಲ್ಲೂ ತಡೆಯದೆ ಹೇಳಿದಳು. ಬಡಗಿ ಟೇಪು ಹಿಡಿದ. ಹನ್ನೆರಡಡಿ ಉದ್ದಕ್ಕೆ ಒಂದಡಿ ಎತ್ತರ. ಅದನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದ. ಎರಡೂವರೆ ಅಡಿಯ ವೇದಿಕೆಗೆ ಮೂವತ್ತಡಿ ಏರು ಬೇಕು, ನಡುವೆ ಉಸಿರು ಬಿಡಲು ನಾಲ್ಕಡಿ ಸಪಾಟು ಜಾಗ ಬೇರೆ.

ಇಷ್ಟು ಉದ್ದದ್ದು ವೇದಿಕೆಯ ಪಕ್ಕದಲ್ಲಿ ಹಿಡಿಸುವುದಿಲ್ಲ. ಹಿಡಿಸುವುದು ಒಂದೇ ಕಡೆ, ಸಭಾಂಗಣದ ನಟ್ಟನಡುವೆ, ಕುರ್ಚಿ ಸಾಲುಗಳನ್ನು ಸೀಳಿಕೊಂಡು. ಹೆಡ್‌ಮಾಸ್ಟರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಮುಂದಿನ ಸಾಲಿನ ನಡುವಿನಲ್ಲಿ ಮುಖ್ಯ ಅತಿಥಿಗಳ ಸೋಫಾಗಳು ಇರಬೇಕು, ಅವು ಎಂದಿನಿಂದಲೂ ಅಲ್ಲೇ ಇವೆ, ಅವನ್ನು ಮೂಲೆಗೆ ತಳ್ಳಿದರೆ ಅವರಿಗೆ ಅವಮಾನವಾಗುವುದಿಲ್ಲವೇ ಎಂದು ಕೇಳಿದರು. ಬಡಗಿ ಹಲಗೆಗಳನ್ನು ತಾತ್ಕಾಲಿಕವಾಗಿ ಜೋಡಿಸಿ ತೋರಿಸಿದ. ಹುಡುಗಿ ಹತ್ತಿದಳು. ಹೆಡ್‌ಮಾಸ್ಟರು ಗಡಿಯಾರ ನೋಡಿಕೊಂಡರು, ಎರಡು ನಿಮಿಷ ಹತ್ತು ಸೆಕೆಂಡು. ಮಾತಿಲ್ಲ ಕಥೆಯಿಲ್ಲ, ಎರಡು ನಿಮಿಷ ಜನ ಸುಮ್ಮನೆ ಕೂತು ಏನು ಮಾಡುತ್ತಾರೆ ಎಂದು ಕೇಳಿದರು.

"ನೋಡ್ತಾರೆ ಸಾರ್," ಎಂದರು ಮೇಡಂ. "ಅಷ್ಟು ಮಾಡಿದ್ರೆ ಸಾಕು."

ಹೆಡ್‌ಮಾಸ್ಟರು ಆಮೇಲೂ ಸ್ವಲ್ಪ ಗೊಣಗಿದರು. ಮರುದಿನ ಬೆಳಿಗ್ಗೆ ಬಂದವರು ನೋಡಿದಾಗ ಸೋಫಾಗಳು ಎಡಕ್ಕೆರಡು ಬಲಕ್ಕೆರಡು ಸರಿದಿದ್ದವು. ಶಾಲೆಯ ಜವಾನನನ್ನು ಕರೆದು ಸರಿಸಿದ್ದು ತಾವೇ ಎಂದು ಹೆಡ್‌ಮಾಸ್ಟರು ಯಾರ ಹತ್ತಿರವೂ ಒಪ್ಪಿಕೊಳ್ಳಲಿಲ್ಲ.

ವಾರ್ಷಿಕೋತ್ಸವಕ್ಕೆ ಉಳಿದ ಮೂರು ವಾರ ಬಡಗಿಯ ಪಾಲಿಗೆ ಕಷ್ಟದ ದಿನಗಳು. ತೋಳಿಗೆ ಅಭ್ಯಾಸವಾಗಬೇಕೆಂದು ಮಗಳು ಶಾಲೆಗೆ ತಾನೇ ಗಾಲಿ ತಿರುಗಿಸಿಕೊಂಡು ಹೋಗತೊಡಗಿದಳು. ಹತ್ತು ನಿಮಿಷದ ದಾರಿಗೆ ಮೊದಮೊದಲು ಅರ್ಧ ಗಂಟೆ ಹಿಡಿಯಿತು. ಅವನು ಪಕ್ಕದಲ್ಲಿ ನಡೆಯುತ್ತಿದ್ದ. ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ಗೊತ್ತಾಗದೆ ಒಮ್ಮೆ ಹಿಂದೆ ಕಟ್ಟುತ್ತಿದ್ದ, ಒಮ್ಮೆ ಜೇಬಿನಲ್ಲಿ ತುರುಕುತ್ತಿದ್ದ. ದಾರಿಯಲ್ಲಿ ಸಿಕ್ಕವರು, ಏನಯ್ಯಾ, ಮಗು ಅಷ್ಟು ಒದ್ದಾಡುತ್ತಿದೆ, ನೀನು ಕೈ ಬೀಸಿಕೊಂಡು ಹೋಗುತ್ತಿದ್ದೀಯ ಎಂದು ಬೈದರು. ಒಳ್ಳೆಯ ಅಪ್ಪ ಎಂಬ ಹೆಸರು ಹತ್ತೇ ದಿನದಲ್ಲಿ ನೀರುಪಾಲಾಯಿತು. ಆದರೂ ಅವನು ಹಿಡಿಗಳನ್ನು ಮುಟ್ಟಲಿಲ್ಲ. ಪಕ್ಕದಲ್ಲಿ ಮಾತಾಡುತ್ತ ನಡೆದರೆ ಅವಳ ಮುಖ ಕಾಣುತ್ತದೆ ಎನ್ನುವುದು ಅವನಿಗೆ ಗೊತ್ತಾದದ್ದೂ ಆ ದಿನಗಳಲ್ಲೇ. ಅಲ್ಲಿಯವರೆಗೆ ಅವನು ದಾರಿಯುದ್ದಕ್ಕೂ ನೋಡಿದ್ದು ಅವಳ ಜಡೆಯನ್ನು ಮಾತ್ರ.

ವಾರ್ಷಿಕೋತ್ಸವದ ಸಂಜೆ ಸಭಾಂಗಣ ತುಂಬಿ, ಗೋಡೆಯ ಬದಿಯಲ್ಲೂ ಜನ ನಿಂತಿದ್ದರು. ಬಡಗಿ ಕಡೆಯ ಗಳಿಗೆಯವರೆಗೂ ಹಲಗೆಯ ಒಂದೊಂದು ಕೂಡಿಕೆಯನ್ನೂ ಕೈಯಾಡಿಸಿ ನೋಡಿಕೊಂಡು, ಕೂರಲು ಜಾಗ ಸಿಗದೆ ಹಿಂದಿನ ಗೋಡೆಗೆ ಬೆನ್ನು ಕೊಟ್ಟು ನಿಂತ. ಹೆಂಡತಿಗೆ ಎಲ್ಲೋ ನಡುವಿನ ಸಾಲಿನಲ್ಲಿ ಕುರ್ಚಿ ಸಿಕ್ಕಿತ್ತು. ಮುಖ್ಯ ಅತಿಥಿಗಳು ದಪ್ಪನೆಯ, ಮೃದು ಮನಸ್ಸಿನ ಮನುಷ್ಯ. ಮೂಲೆಯ ಸೋಫಾದಲ್ಲಿ ಕೂತು, ನಡುವೆ ಹಾದುಹೋಗಿದ್ದ ಹಲಗೆಯ ದಾರಿಯನ್ನು ಕುತೂಹಲದಿಂದ ನೋಡುತ್ತಿದ್ದರು.

ಪರದೆ ಸರಿಯಿತು. ಕೋರ್ಟಿನಲ್ಲಿ ವಕೀಲರಿದ್ದರು, ಮೇಲಧಿಕಾರಿಯಿದ್ದ, ಒಂದು ಕೈಯ ಅಂಚೆಯವನಿದ್ದ. ನ್ಯಾಯಾಧೀಶರ ಮೇಜಿನ ಹಿಂದೆ ಮಾತ್ರ ಜಾಗ ಖಾಲಿಯಿತ್ತು.

"ನ್ಯಾಯಾಧೀಶರು ಬರ್ತಿದ್ದಾರೆ. ಎಲ್ಲರೂ ಎದ್ದು ನಿಲ್ಲಿ," ಎಂದು ಲೌಡ್‌ಸ್ಪೀಕರ್ ಕೂಗಿದ.

ವೇದಿಕೆಯ ಮೇಲಿನ ಮಕ್ಕಳು ಎದ್ದು ನಿಂತರು. ಸಭಾಂಗಣದ ಹಿಂದಿನ ಬಾಗಿಲು ತೆರೆಯಿತು. ಕಪ್ಪು ನಿಲುವಂಗಿ ತೊಟ್ಟ ಗುಂಡುಸೂಜಿ ಒಳಗೆ ಬಂದಳು. ಅಪ್ಪನ ಪಕ್ಕದಲ್ಲೇ ಹಾದುಹೋದಳು, ತಿರುಗಿ ನೋಡಲಿಲ್ಲ. ಹಲಗೆಯ ಬುಡಕ್ಕೆ ಬಂದು ಕುರ್ಚಿಯನ್ನು ನೇರ ಮಾಡಿಕೊಂಡು ಹತ್ತಲು ಶುರುಮಾಡಿದಳು. ಗಾಲಿ ಮರದ ಮೇಲೆ ಉರುಳುವ ಸದ್ದು ಹಿಂದಿನ ಗೋಡೆಯವರೆಗೂ ಕೇಳುತ್ತಿತ್ತು. ಒಂದು ತಳ್ಳು, ಒಂದು ಹಿಡಿತ, ಇನ್ನೊಂದು ತಳ್ಳು. ಯಾರೋ ಅಜ್ಜಿ ಅಯ್ಯೋ ಕಂದಾ ಎಂದು ಪಿಸುಗುಟ್ಟಿದ್ದು ಬಡಗಿಗೆ ಕೇಳಿತು. ಅವನ ಬೆರಳುಗಳು ತಾವಾಗಿಯೇ ಮಡಚಿಕೊಂಡಿದ್ದವು, ಇಲ್ಲದ ಹಿಡಿಯನ್ನು ಹಿಡಿದ ಹಾಗೆ.

ನಡುವಿನ ಸಪಾಟು ಜಾಗಕ್ಕೆ ಬಂದು ಅವಳು ನಿಂತಳು. ಉಸಿರು ತೆಗೆದುಕೊಳ್ಳಲು ನಿಂತದ್ದು, ಅಭ್ಯಾಸದಲ್ಲೂ ಅಲ್ಲೇ ನಿಲ್ಲುತ್ತಿದ್ದಳು. ಆದರೆ ಮುಖ್ಯ ಅತಿಥಿಗಳಿಗೆ ಅದು ಹೇಗೆ ಗೊತ್ತಾಗಬೇಕು? ಪಾಪ, ಮಗುವಿಗೆ ಆಗುತ್ತಿಲ್ಲ ಎಂದುಕೊಂಡು, ಹೋಗಿ ತಳ್ಳೋಣವೆಂದು ದಡಬಡಿಸಿ ಎದ್ದರು. ಹಿಂದೆ ಬಡಗಿಯೂ ಗೋಡೆ ಬಿಟ್ಟು ಒಂದು ಹೆಜ್ಜೆ ಇಟ್ಟಿದ್ದ. ಅವರನ್ನು ತಡೆಯಲು ಹೊರಟೆನೋ, ಅವರಿಗಿಂತ ಮುಂಚೆ ತಾನೇ ತಳ್ಳಲು ಹೊರಟೆನೋ ಎಂದು ಆಮೇಲೆ ಕೇಳಿದರೂ ಅವನಿಗೆ ಹೇಳಲಾಗಲಿಲ್ಲ.

ಗುಂಡುಸೂಜಿ ಚಕ್ರದಿಂದ ಬಲಗೈ ತೆಗೆದು, ಅಂಗೈಯನ್ನು ಮುಖ್ಯ ಅತಿಥಿಗಳ ಕಡೆ ತುಸುವೇ ಎತ್ತಿದಳು. ಸಿಡುಕಿಲ್ಲ, ಕೋರಿಕೆಯೂ ಇಲ್ಲ. ಕೋರ್ಟಿನಲ್ಲಿ ನಡುವೆ ಬಾಯಿ ಹಾಕಿದವರಿಗೆ ಸ್ವಲ್ಪ ತಾಳಿ ಎನ್ನುವಂಥ ಕೈ ಅದು. ಆ ದೊಡ್ಡ ಮನುಷ್ಯರು ಇದ್ದಲ್ಲೇ ನಿಂತರು. ಮುಂದೆ ಹೋಗುವ ಹಾಗಿಲ್ಲ, ಕೂತರೆ ನಾಚಿಕೆ, ಹೀಗಾಗಿ ಸುಮ್ಮನೆ ನೆಟ್ಟಗೆ ನಿಂತುಕೊಂಡರು. ಅವರು ಎದ್ದದ್ದನ್ನು ಕಂಡ ಎರಡನೆಯ ಸಾಲಿನವರು, ಓಹೋ, ಎಲ್ಲರೂ ಏಳಬೇಕಂತೆ ಎಂದುಕೊಂಡು ಎದ್ದರು. ಮುಖ್ಯ ಅತಿಥಿಗಳು ನಿಂತಿರುವಾಗ ಕೂತಿರುವ ಧೈರ್ಯ ಯಾರಿಗಿದೆ? ಮೂರನೆಯ ಸಾಲು ಎದ್ದಿತು, ನಾಲ್ಕನೆಯದು ಎದ್ದಿತು. ಹೆಡ್‌ಮಾಸ್ಟರು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಎದ್ದರು. ಕುರ್ಚಿಗಳು ಕಿರುಗುಟ್ಟುವ ಸದ್ದು ಮುಂದಿನಿಂದ ಹಿಂದಿನವರೆಗೂ ಹರಿದು ಬಂತು. ಮಗುವನ್ನು ಮಡಿಲಲ್ಲಿಟ್ಟುಕೊಂಡವರು ಮಗುವನ್ನೆತ್ತಿಕೊಂಡು ನಿಂತರು. ವ್ಯಾನ್ ಓಡಿಸುವ ಅಮ್ಮ ನಡುವಿನ ಸಾಲಿನಲ್ಲಿ ಎದ್ದು, ಕಣ್ಣೊರೆಸಿಕೊಳ್ಳದೆ ತಲೆಯೆತ್ತಿ ನಿಂತಳು.

ಮೊದಲು ಎದ್ದದ್ದು ತಪ್ಪು ತಿಳಿವಳಿಕೆಯಿಂದ, ನಿಜ. ಆದರೆ ಎದ್ದು ನಿಂತ ಮೇಲೆ ಸಭೆಯ ಮುಖವೇ ಬದಲಾಯಿತು. ಪಾಪ ಎನ್ನುವ ಪಿಸುಮಾತು ಎಲ್ಲೂ ಕೇಳಲಿಲ್ಲ. ಎದ್ದು ನಿಂತು ಪಾಪ ಅನ್ನುವುದು ಜನಕ್ಕೆ ಬರುವುದಿಲ್ಲವೋ ಏನೋ. ಉಳಿದ ಹದಿನೈದು ಅಡಿಯನ್ನು ಅವಳು ಯಾವ ಅವಸರವೂ ಇಲ್ಲದೆ ಹತ್ತಿದಳು. ಬಡಗಿಗೆ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಾಯಿತು. ಅದು ಹಲಗೆ ಮಾಡಿದ ಹೆಮ್ಮೆಯಲ್ಲ. ಹಲಗೆ ಅವನಿಗೆ ಮರೆತೇಹೋಗಿತ್ತು. ತಾನು ಇಲ್ಲದೆಯೂ ಅವಳು ಹೋಗುತ್ತಿದ್ದಾಳೆ ಎನ್ನುವುದು ಅವನನ್ನು ಚುಚ್ಚಬೇಕಿತ್ತು, ಚುಚ್ಚಲಿಲ್ಲ. ಇಷ್ಟು ಜನರ ನಡುವೆ ಅವಳು ನನ್ನ ಮಗಳು ಎಂದು ಪಕ್ಕದವನ ತೋಳು ಹಿಡಿದು ಹೇಳಬೇಕೆನ್ನಿಸಿತು. ಹೇಳಿಯೂಬಿಟ್ಟ. ಪಕ್ಕದವನು ಗೊತ್ತು ಎಂದ.

ಅವಳು ಮೇಲೆ ತಲುಪಿ, ಮೇಜಿನ ಹಿಂದೆ ಹೋಗಿ ಕುರ್ಚಿಯನ್ನು ಸಭೆಯ ಕಡೆ ತಿರುಗಿಸಿದಳು. ಆಗಲೇ ಅವಳಿಗೆ ಗೊತ್ತಾದದ್ದು, ಎದ್ದಿರುವುದು ವೇದಿಕೆಯ ಮೇಲಿನವರು ಮಾತ್ರವಲ್ಲ ಎಂದು. ನಾಟಕದ ಹಾಳೆಯಲ್ಲಿ ಅವಳ ಮೊದಲ ಮಾತು ಒಂದೇ ಪದ. ಇಡೀ ಸಭಾಂಗಣ ಆ ಪದಕ್ಕೆ ಕಾಯುತ್ತ ನಿಂತಿತ್ತು. ಅವಳು ಉಸಿರು ಹದಕ್ಕೆ ಬರುವವರೆಗೂ ಕಾಯಿಸಿದಳು.

"ಕುಳಿತುಕೊಳ್ಳಿ," ಎಂದಳು.

ಮುನ್ನೂರು ಜನ ಒಟ್ಟಿಗೆ ಕೂತರು. ಮುಖ್ಯ ಅತಿಥಿಗಳು ಎಲ್ಲರಿಗಿಂತ ಮೊದಲು ಕೂತರು. ಗೋಡೆಯ ಬದಿಯಲ್ಲಿದ್ದವರೂ ಇದ್ದಲ್ಲೇ ನೆಲದ ಮೇಲೆ ಕುಕ್ಕರಿಸಿದರು. ಬಡಗಿ ಒಬ್ಬ ಮಾತ್ರ, ಕಣ್ಣು ಮಂಜಾಗಿ, ಕೂರಬೇಕೆನ್ನುವುದೂ ತೋಚದೆ ಹಿಂದೆ ನಿಂತೇ ಇದ್ದ. ಎಲ್ಲಾದರೂ ಕುರ್ಚಿ ಉರುಳಿದರೆ ಓಡಲು ಸಿದ್ಧವಾಗಿ ಒಂದು ಕಾಲನ್ನು ಇನ್ನೂ ಮುಂದಿಟ್ಟುಕೊಂಡಿದ್ದ.

ನ್ಯಾಯಾಧೀಶರು ಅವನನ್ನು ನೋಡಿದರು. ಹಾಳೆಯಲ್ಲಿ ಇಲ್ಲದ ಮಾತೊಂದನ್ನು, ಕೋರ್ಟಿನ ದನಿಯಲ್ಲೇ, ಆದರೆ ಬಲು ಮೆತ್ತಗೆ ಹೇಳಿದರು.

"ಹಿಂದೆ ನಿಂತಿರೋರು, ನೀವೂ ಕೂತ್ಕೊಳ್ಳಿ. ಇನ್ನು ನಾನು ನೋಡ್ಕೋತೀನಿ."

ಬಡಗಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತ. ಮುಂದಿನವರ ತಲೆಗಳ ಸಂದಿಯಿಂದ ಮಗಳು ಪೂರ್ತಿ ಕಾಣುತ್ತಿದ್ದಳು. ಅವಳು ಮೇಜಿನ ಮೇಲಿನ ಕಾಗದಗಳನ್ನು ಸರಿಮಾಡಿಕೊಂಡು, ಅಂಚೆಯವನನ್ನು ಮುಂದೆ ಕರೆದು, ನಿಮ್ಮ ಮಾತು ಹೇಳಿ ಎಂದಳು.